ಕಾಫಿ ಗಿಡವೇ ಇಲ್ಲದ ನಾರ್ತ್ ಕೆರೊಲೈನಾದಲ್ಲಿ ಇಷ್ಟೊಂದು ರೋಸ್ಟರ್‌ಗಳು ಯಾಕೆ?

ಓದುಗರ ಪ್ರಶ್ನೆ: ಅಮೆರಿಕದ ನಾರ್ತ್ ಕೆರೊಲೈನಾ ರಾಜ್ಯದ ರಾಲೆಗೆ ಬಂದು ಕೆಲವು ತಿಂಗಳಾಯಿತು. ಎಲ್ಲಿ ಹೋದರೂ ಸಣ್ಣ ಸಣ್ಣ ಕಾಫಿ ರೋಸ್ಟರ್‌ಗಳು (ಬೀಜ ಹುರಿದು ಮಾರುವವರು) ಕಾಣುತ್ತಾರೆ. ಇಲ್ಲಿ ಕಾಫಿ ಬೆಳೆಯೋದೇ ಇಲ್ಲ ಅಲ್ವಾ? ಮತ್ತೆ ಇಲ್ಲಿ ಯಾಕೆ ಹುರಿಯುತ್ತಾರೆ? ಸೂಪರ್‌ಮಾರ್ಕೆಟ್ ಪ್ಯಾಕೆಟ್ ಬಿಟ್ಟು ಇವರಿಗೆ ಜಾಸ್ತಿ ದುಡ್ಡು ಕೊಡಬೇಕಾ?

ಉತ್ತರ: ಇಲ್ಲಿನ ಚಳಿಗಾಲದಲ್ಲಿ ಕಾಫಿ ಗಿಡ ಉಳಿಯುವುದಿಲ್ಲ, ನಿಜ. ಆದರೆ ಕಾಫಿ ಹುರಿಯೋದಕ್ಕೆ ತೋಟ ಹತ್ತಿರ ಇರಬೇಕಾಗಿಲ್ಲ. ಕುಡಿಯುವವರು ಹತ್ತಿರ ಇರಬೇಕು.

ಹುರಿಯದ ಹಸಿರು ಬೀಜದಲ್ಲಿ ತೇವ ಶೇ 10ರಿಂದ 12ರಷ್ಟು ಮಾತ್ರ. ತಂಪಾದ ಒಣ ಜಾಗದಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಇಥಿಯೋಪಿಯಾದಿಂದಲೋ ಕೊಲಂಬಿಯಾದಿಂದಲೋ 60–70 ಕಿಲೋ ಚೀಲಗಳಲ್ಲಿ ಹಡಗು ಹತ್ತಿ ಆರಾಮಾಗಿ ಬರುತ್ತದೆ. ಹುರಿದ ಬೀಜಕ್ಕೆ ಅಷ್ಟು ತಡೆಯುವ ಶಕ್ತಿ ಇಲ್ಲ. ಗಾಳಿ ತಾಗಿದರೆ ವಾರಗಳಲ್ಲೇ ಅದರ ಘಮ ಇಳಿಯತೊಡಗುತ್ತದೆ.

ಅವಕಾಶ ಸಿಕ್ಕರೆ ಹುರಿಯುವ ಡ್ರಮ್ ಪಕ್ಕ ಹತ್ತು ನಿಮಿಷ ನಿಂತು ನೋಡಿ. ಮೊದಲು ಒಣಹುಲ್ಲಿನ ವಾಸನೆ. ಬೀಜ ಹಳದಿಗೆ ತಿರುಗುವಾಗ ಬ್ರೆಡ್ ಸುಟ್ಟ ಹಾಗೆ ಘಮ. ಬಿಸಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಜೋಳ ಹುರಿದ ಹಾಗೆ ಚಟಪಟ ಶಬ್ದ. ಇದಕ್ಕೆ ‘ಫಸ್ಟ್ ಕ್ರ್ಯಾಕ್’ ಅನ್ನುತ್ತಾರೆ. ಅಲ್ಲಿಂದ ಮುಂದೆ ಒಂದೊಂದು ಸೆಕೆಂಡಿಗೂ ಬೆಲೆ ಇದೆ. ಬೇಗ ಇಳಿಸಿದರೆ ಹಣ್ಣಿನ ಹುಳಿ ಉಳಿಯುತ್ತದೆ, ತಡ ಮಾಡಿದರೆ ಚಾಕೊಲೇಟಿನ ಕಹಿ ಬರುತ್ತದೆ. ಇನ್ನೂ ತಡವಾದರೆ ಎಲ್ಲ ಊರಿನ ಕಾಫಿಗೂ ಒಂದೇ ಸುಟ್ಟ ರುಚಿ. ನೀವು ಕೊಡೋ ದುಡ್ಡಿನಲ್ಲಿ ಈ ನಿಗಾಕ್ಕೂ ಒಂದು ಪಾಲಿದೆ.

ನಾರ್ತ್ ಕೆರೊಲೈನಾದಲ್ಲೇ ಇದು ಇಷ್ಟು ಬೆಳೆದದ್ದಕ್ಕೆ ಡರ್ಹಮ್ ಊರಿನ ಪಾತ್ರ ದೊಡ್ಡದು ಅಂತ ನನ್ನ ಅನಿಸಿಕೆ. ಬ್ರೆಟ್ ಸ್ಮಿತ್ ಮತ್ತು ಫ್ರೆಡ್ ಹೌಕ್ 1995ರಲ್ಲಿ ಅಲ್ಲಿ ಕೌಂಟರ್ ಕಲ್ಚರ್ ಕಾಫಿ ಅನ್ನೋ ರೋಸ್ಟಿಂಗ್ ಕಂಪನಿ ಶುರು ಮಾಡಿದರು. ಅವರು ಬೀಜ ಮಾರಿ ಸುಮ್ನಾಗಲಿಲ್ಲ. ಕಾಫಿ ಮಾಡುವವರಿಗೆ ತರಬೇತಿ ಕೊಟ್ಟರು. ಹಸಿರು ಬೀಜಕ್ಕೆ ಎಷ್ಟು ಬೆಲೆ ಕೊಟ್ಟೆವು ಅಂತ ವರದಿ ಮಾಡಿ ಎಲ್ಲರ ಮುಂದಿಟ್ಟರು. ಕಲಿತವರು ಮುಂದೆ ತಮ್ಮದೇ ಡ್ರಮ್ ಹಚ್ಚುತ್ತಾರೆ. ಅಲ್ಲೇ ಪಳಗಿದ ಲೆಮ್ ಬಟ್ಲರ್ 2016ರಲ್ಲಿ ಅಮೆರಿಕದ ಬರಿಸ್ಟಾ (ಕಾಫಿ ಮಾಡಿಕೊಡುವವರ) ಚಾಂಪಿಯನ್ ಆದರು. 2017ರ ಚಾಂಪಿಯನ್ ಕೈಲ್ ರಾಮೇಜ್ ಕೂಡ ಇದೇ ರಾಜ್ಯದಲ್ಲಿ ಕೆಲಸ ಮಾಡುತ್ತಿದ್ದವರು. ಇಬ್ಬರೂ ಸೇರಿ ವೇಕ್ ಫಾರೆಸ್ಟ್‌ ಊರಿನಲ್ಲಿ ಬ್ಲ್ಯಾಕ್ ಅಂಡ್ ವೈಟ್ ಅನ್ನೋ ರೋಸ್ಟಿಂಗ್ ಕಂಪನಿ ಶುರು ಮಾಡಿದರು. ನಿಮ್ಮ ರಾಲೆಯಿಂದ ಅದು ದೂರವೇನಲ್ಲ.

ಇನ್ನು ದುಡ್ಡಿನ ಮಾತು. ‘ಸ್ಪೆಷಾಲ್ಟಿ’, ಅಂದರೆ ಮೇಲ್ದರ್ಜೆಯ ಕಾಫಿ, ಅನ್ನಬೇಕಾದರೆ ಬೀಜಕ್ಕೆ ರುಚಿ ಪರೀಕ್ಷೆಯಲ್ಲಿ 100ಕ್ಕೆ ಕನಿಷ್ಠ 80 ಅಂಕ ಬರಬೇಕು ಅನ್ನೋದು ರೂಢಿ. ಅಂಥ ಬೀಜಕ್ಕೆ ಸಾಮಾನ್ಯ ಮಾರುಕಟ್ಟೆ ದರಕ್ಕಿಂತ ಜಾಸ್ತಿ ಕೊಡಬೇಕಾಗುತ್ತದೆ. ಹುರಿಯುವಾಗ ತೂಕವೂ ಶೇ 15ರ ಆಸುಪಾಸು ಇಳಿಯುತ್ತದೆ. ಅಂದರೆ ನೂರು ಕಿಲೋ ಸುರಿದರೆ ಕೈಗೆ ಬರೋದು ಎಂಬತ್ತೈದು. ರೈತರಿಗೆ ಸಿಕ್ಕ ಬೆಲೆಯನ್ನು ಧೈರ್ಯವಾಗಿ ಹೇಳುವ ರೋಸ್ಟರ್ ಆದರೆ ನಾನು ಖುಷಿಯಿಂದ ಜಾಸ್ತಿ ಕೊಡುತ್ತೇನೆ.

ಪ್ಯಾಕೆಟ್ ತಗೊಳ್ಳುವಾಗ ಹುರಿದ ತಾರೀಕು ನೋಡಿ. ‘ಇಂಥ ದಿನದೊಳಗೆ ಬಳಸಿ’ ಅಂತ ಮಾತ್ರ ಇದ್ದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ನಿನ್ನೆ ಹುರಿದದ್ದೇ ಬೇಕು ಅಂತ ಹಟ ಬೇಡ. ವಾರ ಕಳೆದರೆ ರುಚಿ ಹದಕ್ಕೆ ಬರುತ್ತದೆ. ಹಾಲು ಹಾಕಿ ಕುಡಿಯುವವರಾದರೆ ಲೈಟ್ ರೋಸ್ಟ್ (ಕಡಿಮೆ ಹುರಿದದ್ದು) ಬೇಡ, ಹಾಲಿನ ಜೊತೆ ಅದರ ಹುಳಿ ಹೊಂದುವುದಿಲ್ಲ. ಮೀಡಿಯಂ ಅಥವಾ ಅದಕ್ಕಿಂತ ಸ್ವಲ್ಪ ಕಪ್ಪಗಿನದು ಕೇಳಿ. ಬೀಜವನ್ನೇ ತಂದು ಆಗಿಂದಾಗ ಪುಡಿ ಮಾಡಿ, ಮೊದಲು ಒಂದಿಷ್ಟೇ ಬಿಸಿನೀರು ಸುರಿಯಿರಿ. ಪುಡಿ ಉಬ್ಬಿ, ಗುಳ್ಳೆ ಎದ್ದು, ಉಸಿರಾಡಿದ ಹಾಗೆ ಮೇಲೆ ಬಂದರೆ ಹುರಿಯುವಾಗ ಹುಟ್ಟಿದ ಅನಿಲ ಬೀಜದಲ್ಲಿ ಇನ್ನೂ ಉಳಿದಿದೆ, ಹುರಿದು ಜಾಸ್ತಿ ದಿನ ಆಗಿಲ್ಲ ಅಂತ.