‘ಗ್ಯಾಸ್ಟ್ರಿಕ್’ ಅಂದರೆ ಯಾವ ಕಾಯಿಲೆ?

“ಡಾಕ್ಟ್ರೇ, ಗ್ಯಾಸ್ಟ್ರಿಕ್ ಆಗಿದೆ, ಒಂದು ಮಾತ್ರೆ ಬರೆದುಕೊಡಿ.” ಈ ಮಾತು ಕೇಳದ ದಿನವೇ ನನ್ನ ಕ್ಲಿನಿಕ್ಕಿನಲ್ಲಿ ಇಲ್ಲ. ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ, ಬೆನ್ನು ಹಿಡಿದುಕೊಳ್ಳುವುದು, ತಲೆಸುತ್ತು, ಎಲ್ಲಕ್ಕೂ ಅದೇ ಹೆಸರು. ಇಂಗ್ಲಿಷಿನಲ್ಲಿ ಆ ಪದಕ್ಕೆ ‘ಜಠರಕ್ಕೆ ಸಂಬಂಧಿಸಿದ’ ಎಂದಷ್ಟೇ ಅರ್ಥ. ಅದು ಕಾಯಿಲೆಯ ಹೆಸರೇ ಅಲ್ಲ.

ಹೆಸರು ಬೇಕು ಅನ್ನಿಸುವುದು ಸಹಜ. ಏನೆಂದು ಗೊತ್ತಿಲ್ಲದ ನೋವು ಜಾಸ್ತಿ ಹೆದರಿಸುತ್ತದೆ, ಅಲ್ವಾ? ಗ್ಯಾಸ್ಟ್ರಿಕ್ ಅಂದುಬಿಟ್ಟರೆ ಮನೆಯವರಿಗೂ ಸಮಾಧಾನ. ಆದರೆ ಹೆಸರು ಸಿಕ್ಕ ಮೇಲೆ ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ. ನನಗೆ ಭಯ ಅದರದ್ದೇ.

ಒಬ್ಬ ರೈತರ ನೆನಪಾಗುತ್ತದೆ. ಐವತ್ತು ದಾಟಿತ್ತು, ಶುಗರ್ ಇತ್ತು. ಹಿಂದಿನ ರಾತ್ರಿ ಮದುವೆ ಊಟ. ಬೆಳಗಿನ ಜಾವ ಎದೆಗೂಡಿನ ಕೆಳಗೆ ಒತ್ತಿ ಹಿಡಿದ ಹಾಗೆ ಆಯಿತು, ಮೈಯೆಲ್ಲ ಬೆವರು, ವಾಕರಿಕೆ. ಊಟದ್ದೇ ಗ್ಯಾಸ್ಟ್ರಿಕ್ ಎಂದು ಜೀರಿಗೆ ಕಷಾಯ ಕೊಟ್ಟರು, ಸೋಡಾ ಕುಡಿಸಿದರು. ನನ್ನ ಹತ್ತಿರ ಬರುವಷ್ಟರಲ್ಲಿ ಐದು ಗಂಟೆ ಕಳೆದಿತ್ತು. ಇಸಿಜಿ ತೆಗೆದರೆ ಹಾರ್ಟ್ ಅಟ್ಯಾಕ್. ಅವರು ಬದುಕಿದರು. ಆದರೆ ಆ ಐದು ಗಂಟೆಯಲ್ಲಿ ಸತ್ತ ಹೃದಯದ ಸ್ನಾಯು ಮರಳಿ ಬರಲಿಲ್ಲ. ಈಗ ಗದ್ದೆಯ ಬದು ಹತ್ತಿದರೂ ಏದುಸಿರು.

ಹೃದಯದ ಕೆಳಭಾಗ ವಪೆಯ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆ) ಮೇಲೆ ಕೂತಿದೆ, ವಪೆಯ ಕೆಳಗೇ ಜಠರ. ಹೃದಯದ ಆ ಭಾಗಕ್ಕೆ ರಕ್ತ ಹರಿಯುವುದು ನಿಂತರೆ ನೋವು ಎದೆಯಲ್ಲಷ್ಟೇ ಅಲ್ಲ, ಹೊಟ್ಟೆಯ ಮೇಲ್ಭಾಗದಲ್ಲೂ ಕಾಣಿಸಬಹುದು. ಶುಗರ್ ಇರುವವರಲ್ಲಿ ಕೆಲವೊಮ್ಮೆ ನೋವೇ ಇರುವುದಿಲ್ಲ, ಬರೀ ಬೆವರು, ಸುಸ್ತು. ಪಿತ್ತಕೋಶದ ಕಲ್ಲೂ ಇದೇ ಹೆಸರಿನಡಿ ವರ್ಷಗಟ್ಟಲೆ ಅಡಗಿರುತ್ತದೆ.

ಹೆಸರಿಗೆ ಮೋಸಹೋಗುವವರಲ್ಲಿ ವೈದ್ಯರೂ ಇದ್ದೇವೆ. ಜಠರದ ಹುಣ್ಣಿಗೆ ಟೆನ್ಷನ್ನು, ಖಾರ, ಆಸಿಡ್ ಕಾರಣ ಎಂದು ದಶಕಗಳ ಕಾಲ ನಂಬಿದ್ದೆವು. ಆಸ್ಟ್ರೇಲಿಯಾದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಅದರ ಹಿಂದೆ ಒಂದು ಬ್ಯಾಕ್ಟೀರಿಯಾ ಇದೆ ಎಂದಾಗ ಯಾರೂ ಸುಲಭಕ್ಕೆ ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಹಾಗಾಗಿ ನನ್ನದೊಂದು ಕೋರಿಕೆ. ವೈದ್ಯರ ಮುಂದೆ ಕೂತಾಗ ಕಾಯಿಲೆಯ ಹೆಸರು ಹೇಳಬೇಡಿ, ಆಗುತ್ತಿರುವುದನ್ನು ಹೇಳಿ. ಎಲ್ಲಿ ನೋವು, ಉರಿಯೋ ಒತ್ತಡವೋ, ಊಟವಾದ ಮೇಲೋ ಮೆಟ್ಟಿಲು ಹತ್ತಿದಾಗಲೋ. ಬೆವರು ಬಂದರೆ, ನೋವು ದವಡೆಗೋ ತೋಳಿಗೋ ಹರಿದರೆ ಕಷಾಯ ಕಾಯಿಸುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ಇಸಿಜಿ ಹತ್ತು ನಿಮಿಷದ ಕೆಲಸ. ಅದರಲ್ಲಿ ಏನೂ ಇಲ್ಲದಿದ್ದರೂ ವೈದ್ಯರು ಕಾಯಿರಿ ಅಂದರೆ ಕಾಯಿರಿ, ಕೆಲವೊಮ್ಮೆ ಎರಡನೆಯ ಇಸಿಜಿಯಲ್ಲಿ ಗೊತ್ತಾಗುತ್ತದೆ.