ಇಂಟರ್ನೆಟ್ ಇಲ್ಲದ ಕಂಪ್ಯೂಟರಿಗೆ ಎಕ್ಸ್‌ಟೆನ್ಷನ್ ತಲುಪಿಸುವುದು

ವಿಎಸ್ ಕೋಡ್ ಎಂಬುದು ಪ್ರೋಗ್ರಾಂ ಬರೆಯಲು ಬಳಸುವ ಎಡಿಟರ್. ಅದಕ್ಕೆ ಎಕ್ಸ್‌ಟೆನ್ಷನ್, ಎಂದರೆ ಹೊಸ ಸೌಲಭ್ಯ ಸೇರಿಸುವ ಪುಟ್ಟ ತಂತ್ರಾಂಶ, ಹಾಕಿಕೊಳ್ಳುವುದು ಒಂದು ಬಟನ್ ಒತ್ತುವಷ್ಟು ಕೆಲಸ. ಆದರೆ ಆ ಬಟನ್ ಕೆಲಸ ಮಾಡಬೇಕಾದರೆ ಇಂಟರ್ನೆಟ್ ಇರಬೇಕಲ್ವಾ? ರಕ್ಷಣಾ ಪ್ರಯೋಗಾಲಯ, ಬ್ಯಾಂಕಿನ ಒಳಗಿನ ನೆಟ್‌ವರ್ಕ್, ಕಾರ್ಖಾನೆಯ ಯಂತ್ರ ನಡೆಸುವ ಕಂಪ್ಯೂಟರ್, ಇಂಥ ಕಡೆ ಬೇಕಂತಲೇ ಹೊರಗಿನ ಸಂಪರ್ಕ ಕೊಟ್ಟಿರುವುದಿಲ್ಲ. ಅಲ್ಲಿ ಬೇಕಾದ ಫೈಲನ್ನು ಹೊರಗೆ ಇಳಿಸಿಕೊಂಡು ಪೆನ್ ಡ್ರೈವಿನಲ್ಲಿ ಒಯ್ಯಬೇಕು. ಒಂದೆರಡಾದರೆ ಕೈಯಲ್ಲೇ ಮಾಡಬಹುದು. ಇಡೀ ತಂಡಕ್ಕೆ, ಅದೂ ಪ್ರತಿ ತಿಂಗಳು ಎಂದರೆ ಆ ಕೆಲಸ ತಾನಾಗಿ ಮಾಡುವ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಬರೆಯುವುದೇ ವಾಸಿ.

ಇಳಿಸಬೇಕಾದ ವಸ್ತುವಿನಲ್ಲಿ ಯಾವ ಗುಟ್ಟೂ ಇಲ್ಲ. ಎಕ್ಸ್‌ಟೆನ್ಷನ್ ಬರುವುದು ವಿಸಿಕ್ಸ್ (.vsix) ಫೈಲಾಗಿ. ಅದು ಬೇರೆ ಹೆಸರಿಟ್ಟುಕೊಂಡ ಜಿಪ್ ಫೈಲ್, ಅಷ್ಟೇ. ಬಿಚ್ಚಿ ನೋಡಿದರೆ ಒಳಗೆ ಒಂದಿಷ್ಟು ಜಾವಾಸ್ಕ್ರಿಪ್ಟ್, ಒಂದು ಐಕಾನ್, ಜೊತೆಗೆ ಪ್ಯಾಕೇಜ್ ಜೇಸನ್ (package.json) ಎಂಬ ಪಠ್ಯ ಕಡತ ಕಾಣುತ್ತವೆ. ಆ ಕಡತದಲ್ಲಿ ಎಕ್ಸ್‌ಟೆನ್ಷನ್ನಿನ ಜಾತಕವೇ ಇರುತ್ತದೆ. ಪ್ರಕಾಶಕರ ಹೆಸರು, ನಡುವೆ ಒಂದು ಚುಕ್ಕಿ, ಆಮೇಲೆ ಎಕ್ಸ್‌ಟೆನ್ಷನ್ ಹೆಸರು, ಇದು ಅದರ ಗುರುತು. ಈ ಗುರುತಿಗೆ ಆವೃತ್ತಿ ಸಂಖ್ಯೆ ಸೇರಿಸಿದರೆ ಡೌನ್‌ಲೋಡ್ ವಿಳಾಸ ಸಿದ್ಧ.

ಹಾಗಾದರೆ ಒಂದು ಸಾಲಿನಲ್ಲಿ ಮುಗಿಯುವ ಕೆಲಸ ಅನ್ನಿಸುತ್ತದೆ. ಮುಗಿಯುವುದಿಲ್ಲ. ಬಟನ್ ಒತ್ತಿದಾಗ ಎಡಿಟರ್ ನಮಗೆ ಹೇಳದೆ ಹಲವು ತೀರ್ಮಾನ ಮಾಡಿರುತ್ತದೆ. ಸ್ಕ್ರಿಪ್ಟ್ ಬರೆಯುವವರು ಅವನ್ನೆಲ್ಲ ತಾವೇ ಮಾಡಬೇಕು.

ಮೊದಲನೆಯದು ಆವೃತ್ತಿ. ಎಲ್ಲರೂ ಹೊಸದನ್ನೇ ಇಳಿಸುತ್ತಾರೆ. ಆದರೆ ಸಂಪರ್ಕವಿಲ್ಲದ ಕಂಪ್ಯೂಟರಿನಲ್ಲಿ ಎಡಿಟರೇ ಹಳೆಯದಿರುತ್ತದೆ. ತನಗೆ ಕನಿಷ್ಠ ಯಾವ ಎಡಿಟರ್ ಬೇಕು ಎಂದು ಪ್ಯಾಕೇಜ್ ಜೇಸನ್ನಿನಲ್ಲಿ, ಎಂಜಿನ್ಸ್ ಎಂಬ ಕಡೆ ಎಕ್ಸ್‌ಟೆನ್ಷನ್ ಹೇಳಿಕೊಂಡಿರುತ್ತದೆ. ಅದನ್ನು ನೋಡದೆ ಇಳಿಸಿದರೆ ಅಲ್ಲಿಗೆ ಹೋದ ಮೇಲೆ 'ಹೊಂದಿಕೆಯಾಗುವುದಿಲ್ಲ' ಎಂಬ ಉತ್ತರ ಸಿಗುತ್ತದೆ. ಯಂತ್ರದ ಬಗೆಯೂ ಮುಖ್ಯ. 2021ರಿಂದ ಒಂದೇ ಎಕ್ಸ್‌ಟೆನ್ಷನ್ನಿಗೆ ವಿಂಡೋಸ್, ಲಿನಕ್ಸ್, ಮ್ಯಾಕ್ ಅಂತ ಬೇರೆ ಬೇರೆ ಫೈಲ್ ಇಡಲು ಅವಕಾಶವಿದೆ. ರಸ್ಟ್ ಭಾಷೆಯವರು ಬಳಸುವ ರಸ್ಟ್ ಅನಲೈಸರ್ ಹೀಗೇ ಬರುತ್ತದೆ. ಮ್ಯಾಕಿನಲ್ಲಿ ಕೂತು ಲಿನಕ್ಸ್ ಯಂತ್ರಕ್ಕೆ ಇಳಿಸುವಾಗ ಇದನ್ನು ಬಾಯಿಬಿಟ್ಟು ಕೇಳಬೇಕು.

ಇನ್ನು ಪರಿವಾರ. ಮದುವೆಗೆ ಅಡುಗೆ ಭಟ್ಟರೊಬ್ಬರನ್ನು ಕರೆದರೆ ಅವರ ಕಡೆಯವರೆಲ್ಲ ಬಂದಿಳಿಯುತ್ತಾರಲ್ಲ, ಹಾಗೇ ಪೈಥಾನ್ ಎಕ್ಸ್‌ಟೆನ್ಷನ್ ಹಾಕಿದರೆ ಬರೆಯುವಾಗ ನೆರವಾಗುವ ಪೈಲಾನ್ಸ್, ತಪ್ಪು ಹುಡುಕಲು ನೆರವಾಗುವ ಡೀಬಗರ್ ಎಂಬ ಬೇರೆ ಎಕ್ಸ್‌ಟೆನ್ಷನ್ನುಗಳೂ ತಾವಾಗಿ ಬರುತ್ತವೆ. ಸ್ಕ್ರಿಪ್ಟಿಗೆ ಮಾತ್ರ ಕರೆದವರೊಬ್ಬರೇ ಬರುತ್ತಾರೆ. ಪ್ಯಾಕೇಜ್ ಜೇಸನ್ ಓದಿ, ಜೊತೆಗೆ ಬೇಕಾದವರ ಪಟ್ಟಿ ಮಾಡಿ, ಅವರಿಗೆ ಮತ್ತೆ ಯಾರು ಬೇಕು ಎಂದು ವಿಚಾರಿಸುತ್ತಾ ಹೋಗಬೇಕು. ಈಗಾಗಲೇ ತಂದವರ ಲೆಕ್ಕ ಇಟ್ಟುಕೊಳ್ಳದಿದ್ದರೆ ಸ್ಕ್ರಿಪ್ಟ್ ತಂದದ್ದನ್ನೇ ಮತ್ತೆ ಮತ್ತೆ ತರುತ್ತದೆ.

ಇಷ್ಟಾದರೂ ಬಂದ ಫೈಲನ್ನು ಎಡಿಟರ್ ಒಲ್ಲೆ ಎನ್ನಬಹುದು. ಮೈಕ್ರೋಸಾಫ್ಟ್‌ನ ಎಕ್ಸ್‌ಟೆನ್ಷನ್ ಅಂಗಡಿಯಾದ ಮಾರ್ಕೆಟ್‌ಪ್ಲೇಸಿನ ಸರ್ವರ್ ಕೆಲವೊಮ್ಮೆ ಜಿಪ್ ಫೈಲನ್ನೇ ಜಿಜಿಪ್ ಎಂಬ ಬಗೆಯಲ್ಲಿ ಇನ್ನೊಮ್ಮೆ ಒತ್ತಿ ಚಿಕ್ಕದು ಮಾಡಿ ಕಳಿಸುತ್ತದೆ. ಬ್ರೌಸರ್ ಅದನ್ನು ಸದ್ದಿಲ್ಲದೆ ಬಿಚ್ಚುತ್ತದೆ. ಸ್ಕ್ರಿಪ್ಟಿನಲ್ಲಿ ಫೈಲ್ ಇಳಿಸಲು ಬಳಸುವ ಕರ್ಲ್ ಎಂಬ ಕಮಾಂಡ್ ಬಿಚ್ಚುವುದಿಲ್ಲ, ಬಿಚ್ಚು ಅಂತ ನಾವು ಹೇಳಬೇಕು. ಜಾಸ್ತಿ ಸಲ ಕೇಳಿದರೆ 429 ಎಂಬ ಉತ್ತರ ಬರುತ್ತದೆ. ಎಂದರೆ, ಸ್ವಲ್ಪ ತಡೆದುಕೋ. ಆ ಉತ್ತರವನ್ನೇ ವಿಸಿಕ್ಸ್ ಎಂದು ಉಳಿಸಿಟ್ಟುಕೊಳ್ಳುವ ಸ್ಕ್ರಿಪ್ಟುಗಳೂ ಇವೆ! ಪರೀಕ್ಷೆ ಸುಲಭ. ಜಿಪ್ ಫೈಲಿನ ಮೊದಲ ಎರಡು ಅಕ್ಷರ 'ಪಿಕೆ' (PK) ಆಗಿರಬೇಕು. 1989ರಲ್ಲಿ ಜಿಪ್ ರೂಪಿಸಿದ ಫಿಲ್ ಕ್ಯಾಟ್ಜ್ ಅವರ ಹೆಸರಿನ ಮೊದಲಕ್ಷರಗಳವು.

ಕಾನೂನಿನ ಮಾತೂ ಇದೆ. ವಿಎಸ್ ಕೋಡ್‌ನ ಮೂಲ ಸಂಕೇತವನ್ನು ಮೈಕ್ರೋಸಾಫ್ಟ್ 2015ರ ನವೆಂಬರಿನಲ್ಲಿ ಎಂಐಟಿ ಪರವಾನಗಿಯಡಿ ಎಲ್ಲರಿಗೂ ಕೊಟ್ಟಿತು. ಅಂಗಡಿಯನ್ನು ಮಾತ್ರ ಹಾಗೆ ಕೊಡಲಿಲ್ಲ. ಅಲ್ಲಿಂದ ಇಳಿಸಿದ್ದನ್ನು ವಿಷುವಲ್ ಸ್ಟುಡಿಯೋ ಬಳಗದ ಉತ್ಪನ್ನಗಳಲ್ಲಿ ಮಾತ್ರ ಬಳಸಬೇಕು ಎಂಬುದು ಅದರ ಷರತ್ತು. 2025ರ ಆರಂಭದಲ್ಲಿ ಮಾರ್ಕೆಟ್‌ಪ್ಲೇಸ್ ಪುಟದಲ್ಲಿದ್ದ ಡೌನ್‌ಲೋಡ್ ಕೊಂಡಿಯೂ ಮಾಯವಾಯಿತು. ಈಗ ಕೈಯಲ್ಲೇ ವಿಸಿಕ್ಸ್ ಇಳಿಸಬೇಕೆಂದರೆ ಎಡಿಟರಿನೊಳಗೆ ಎಕ್ಸ್‌ಟೆನ್ಷನ್ ಮೇಲೆ ರೈಟ್ ಕ್ಲಿಕ್ ಮಾಡಬೇಕು. ಅಂಗಡಿಯ ಆ ಷರತ್ತಿನಿಂದಾಗಿ, ವಿಎಸ್ ಕೋಡ್‌ನ ಮೂಲ ಸಂಕೇತದಿಂದಲೇ ಮಾಡಿದ ವಿಎಸ್‌ಕೋಡಿಯಂನಂಥ ಎಡಿಟರುಗಳು ಎಕ್ಲಿಪ್ಸ್ ಫೌಂಡೇಷನ್ ನಡೆಸುವ ಓಪನ್ ವಿಎಸ್ಎಕ್ಸ್ ಎಂಬ ಇನ್ನೊಂದು ಅಂಗಡಿಯನ್ನು ನೆಚ್ಚಿಕೊಂಡಿವೆ. ಸ್ಕ್ರಿಪ್ಟ್ ಕಲಿಯುವವರಿಗೆ ನನ್ನ ಶಿಫಾರಸೂ ಅದೇ. ಹೆಸರು ಕೊಟ್ಟು ಕೇಳಿದರೆ ಅದು ವಿವರದ ಜೊತೆ ಡೌನ್‌ಲೋಡ್ ಕೊಂಡಿಯನ್ನೂ ಕೊಡುತ್ತದೆ. ಎಲ್ಲವೂ ಅಲ್ಲಿ ಸಿಗುವುದಿಲ್ಲ, ನಿಜ. ಪೈಲಾನ್ಸ್ ಇಲ್ಲ.

ಎಕ್ಸ್‌ಟೆನ್ಷನ್ನಿಗೆ ಎಡಿಟರಿಗಿರುವಷ್ಟೇ ಅಧಿಕಾರ ಇರುತ್ತದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ನಿಮ್ಮ ಫೈಲುಗಳನ್ನು ಅದು ಓದಬಲ್ಲದು, ಬೇರೆ ಪ್ರೋಗ್ರಾಂ ನಡೆಸಬಲ್ಲದು. ಅಂಗಡಿಯಿಂದ ನೇರವಾಗಿ ಹಾಕಿಕೊಂಡಾಗ ವಿಎಸ್ ಕೋಡ್ ಡಿಜಿಟಲ್ ಸಹಿಯನ್ನು ನೋಡುತ್ತದೆ. ಪೆನ್ ಡ್ರೈವಿನಲ್ಲಿ ಒಯ್ದಾಗ ಆ ಎಚ್ಚರಿಕೆ ನಮ್ಮ ತಲೆಗೆ ಬರುತ್ತದೆ. ಇಳಿಸಿದ ಕೂಡಲೇ ಪ್ರತಿ ಫೈಲಿನ ಎಸ್ಎಚ್ಎ-256 ಮೊತ್ತ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಬರೆದಿಟ್ಟುಕೊಂಡರೆ, ದಾರಿಯಲ್ಲಿ ಏನಾದರೂ ಬದಲಾಗಿದ್ದರೆ ತಿಳಿಯುತ್ತದೆ. ಮೂಲದಲ್ಲೇ ಕೆಟ್ಟದ್ದಿದ್ದರೆ ಇದರಿಂದ ತಿಳಿಯದು. ಅದಕ್ಕೇ ಇವತ್ತು ಬಿಡುಗಡೆಯಾದದ್ದನ್ನು ಇವತ್ತೇ ತರುವ ಆತುರ ಬೇಡ ಎನ್ನುತ್ತೇನೆ.

ಹೀಗೆ ಫೈಲಿನಿಂದ ಹಾಕಿದ ಎಕ್ಸ್‌ಟೆನ್ಷನ್ ತಾನಾಗಿ ಅಪ್‌ಡೇಟ್ ಆಗುವುದೂ ಇಲ್ಲ. ಹಾಗಾಗಿ ಪ್ರತಿ ಸಲ ಯಾವ್ಯಾವುದನ್ನು ತರಬೇಕು ಎಂಬ ಪಟ್ಟಿ ಸ್ಕ್ರಿಪ್ಟಿಗೆ ಬೇಕು. ಆ ಪಟ್ಟಿಯನ್ನು ಕೈಯಲ್ಲಿ ಬರೆಯಬೇಕಿಲ್ಲ. ಹಾಕಿರುವ ಎಕ್ಸ್‌ಟೆನ್ಷನ್ನುಗಳನ್ನು ಆವೃತ್ತಿ ಸಮೇತ ಹೇಳುವ ಕಮಾಂಡ್ ವಿಎಸ್ ಕೋಡ್‌ನಲ್ಲೇ ಇದೆ. ಎಲ್ಲವೂ ಸರಿಯಾಗಿ ನಡೆಯುತ್ತಿರುವ ಒಂದು ಕಂಪ್ಯೂಟರಿನಲ್ಲಿ ಅದನ್ನು ಓಡಿಸಿ, ಬಂದ ಉತ್ತರವನ್ನು ಸ್ಕ್ರಿಪ್ಟಿನ ಕೈಗೆ ಕೊಟ್ಟರಾಯಿತು.