ವಾಡ್‌ವಿಲ್ ಆಕ್ಟ್ ‘ಗೆದ್ದಿತು’ ಅಂದರೆ ಏನರ್ಥ? ಪ್ರೇಕ್ಷಕರ ಪ್ರತಿಕ್ರಿಯೆಯನ್ನು ಓದುವ ಬಗೆ

1880ರ ದಶಕದಿಂದ 1930ರ ದಶಕದ ಆರಂಭದವರೆಗೆ ಅಮೆರಿಕದ ಊರೂರುಗಳಲ್ಲಿ ವಾಡ್‌ವಿಲ್ ನಡೆಯುತ್ತಿತ್ತು. ಒಂದು ಟಿಕೆಟ್‌ಗೆ ಎಂಟೊಂಬತ್ತು ಆಕ್ಟ್: ಹಾಡು, ಕುಣಿತ, ಜಾದೂ, ಹಾಸ್ಯದ ಜೋಡಿ, ಕಸರತ್ತು, ಪಳಗಿಸಿದ ನಾಯಿಗಳು, ನಡುವೆ ಒಂದು ಕಿರುನಾಟಕ. ಒಂದಕ್ಕೂ ಇನ್ನೊಂದಕ್ಕೂ ಕಥೆಯ ನಂಟಿಲ್ಲ. ಇದನ್ನು ಓದುವಾಗ ನಾವು ಹೆಚ್ಚಾಗಿ ಎಡವುವ ಜಾಗ ಒಂದಿದೆ. ಹಳೆಯ ಪತ್ರಿಕೆಯಲ್ಲಿ ಆಕ್ಟ್ ಗೆದ್ದಿತು ಎಂದಿದ್ದರೆ ಅದು ಚೆನ್ನಾಗಿತ್ತೆಂದೂ, ಬಿದ್ದುಹೋಯಿತು ಎಂದಿದ್ದರೆ ಕೆಟ್ಟದಾಗಿತ್ತೆಂದೂ ಬರೆದುಬಿಡುತ್ತೇವೆ. ಆದರೆ ಚಪ್ಪಾಳೆ ಆಕ್ಟ್ ಒಂದರಿಂದಲೇ ಹುಟ್ಟುತ್ತಿರಲಿಲ್ಲ. ಅದು ಬಿಲ್‌ನಲ್ಲಿ (ಅಂದರೆ ಆ ದಿನದ ಆಕ್ಟ್‌ಗಳ ಸರದಿಪಟ್ಟಿಯಲ್ಲಿ) ಎಷ್ಟನೆಯದು, ಯಾವ ವಾರ, ಯಾವ ಥಿಯೇಟರ್, ಯಾವ ಸೀಟಿನಲ್ಲಿ ಯಾರು ಕೂತಿದ್ದರು, ಇಷ್ಟೂ ಸೇರಿಯೇ ಚಪ್ಪಾಳೆ.

ಪ್ರೇಕ್ಷಕರನ್ನು ‘ತಯಾರು’ ಮಾಡಿದ್ದು

ವಾಡ್‌ವಿಲ್‌ಗೆ ಮೊದಲು ಇದ್ದದ್ದು ಹೆಂಡದಂಗಡಿಗೆ ಅಂಟಿಕೊಂಡ ಕನ್ಸರ್ಟ್ ಸಲೂನ್. ಅಲ್ಲಿ ಬಹುಪಾಲು ಗಂಡಸರೇ. ಆಕ್ಟ್ ಹಿಡಿಸದಿದ್ದರೆ ಕೂಗಾಟ. 1881ರಲ್ಲಿ ಟೋನಿ ಪಾಸ್ಟರ್ ನ್ಯೂಯಾರ್ಕಿನ 14ನೇ ಬೀದಿಯ ಥಿಯೇಟರ್ ತೆರೆದು, ಹೆಂಗಸರು ಮಕ್ಕಳು ಕೂತು ನೋಡಬಹುದಾದ ಆಟ ಎಂದು ಸಾರಿದ. ಹೆಂಗಸರನ್ನು ಸೆಳೆಯಲು ಹಿಟ್ಟು, ಕಲ್ಲಿದ್ದಲಿನಂಥ ಮನೆಗೆ ಬೇಕಾದ ವಸ್ತುಗಳನ್ನೇ ಬಹುಮಾನವಾಗಿ ಹಂಚಿದ್ದೂ ಉಂಟು. 1885ರಲ್ಲಿ ಬಾಸ್ಟನ್ನಿನ ಬಿ. ಎಫ್. ಕೀತ್ ಬೆಳಿಗ್ಗೆಯಿಂದ ರಾತ್ರಿಯವರೆಗೆ ಬಿಡುವಿಲ್ಲದೆ ಆಟ ನಡೆಸುವ ಪದ್ಧತಿ ಶುರುಮಾಡಿದ. ಯಾವಾಗ ಬೇಕಾದರೂ ಬರಬಹುದು, ಯಾವಾಗ ಬೇಕಾದರೂ ಏಳಬಹುದು.

ಕೀತ್ ಮತ್ತು ಅವನ ಜೊತೆಗಾರ ಇ. ಎಫ್. ಆಲ್ಬೀ ಕಡಿವಾಣ ಹಾಕಿದ್ದು ಎರಡೂ ಕಡೆಗೆ. ವೇದಿಕೆಯ ಹಿಂದೆ, ಬಳಸಬಾರದ ಮಾತುಗಳ ಫಲಕ. ಸಭಾಂಗಣದಲ್ಲಿ ಪ್ರೇಕ್ಷಕರ ಕೈಗೆ ಅಚ್ಚು ಹಾಕಿಸಿದ ಚೀಟಿ: ಕಾಲು ಕುಟ್ಟಬೇಡಿ, ಬೆತ್ತ ನೆಲಕ್ಕೆ ಬಡಿಯಬೇಡಿ, ಮೆಚ್ಚಿದರೆ ಕೈ ತಟ್ಟಿ. ಕೀತ್ ಥಿಯೇಟರಿನಲ್ಲಿ ಮೌನ ಕವಿಯಿತು ಎಂದರೆ ಜನ ಬೇಸತ್ತಿದ್ದರು ಎಂದೇ ಆಗಬೇಕಿಲ್ಲ; ಸಿಳ್ಳೆ ಹಾಕಿದರೆ ಕೆಲಸದವರು ಬಂದು ಎಬ್ಬಿಸುತ್ತಾರೆ ಎಂಬ ಅಂಜಿಕೆಯೂ ಇರಬಹುದು. ಅದೇ ಊರಿನ ಅಗ್ಗದ ಥಿಯೇಟರಿನಲ್ಲಿ ಗದ್ದಲ ಎದ್ದರೆ ಅದು ಆಕ್ಟ್ ಸೋತದ್ದರ ಗುರುತಾಗಿರದೆ, ಅಲ್ಲಿನ ಮಾಮೂಲಿ ಆಗಿರಬಹುದು.

ಬಿಲ್‌ನಲ್ಲಿ ಎಷ್ಟನೇ ಜಾಗ?

ಪರೀಕ್ಷೆಗೆ ಒಂದೇ ಭಾಗ ಓದಲು ಸಮಯವಿದ್ದರೆ ಇದನ್ನು ಓದಿ. ದಿನಕ್ಕೆ ಎರಡೇ ಆಟ ನಡೆಸುವ ದೊಡ್ಡ ಥಿಯೇಟರುಗಳಲ್ಲಿ, ಅಂದರೆ ‘ಬಿಗ್ ಟೈಮ್’ನಲ್ಲಿ, ಒಂಬತ್ತು ಆಕ್ಟ್‌ಗಳ ಬಿಲ್ ಜೋಡಿಸುವುದು ಒಂದು ಕಸುಬೇ ಆಗಿತ್ತು.

ಮೊದಲನೆಯದು ಮಾತಿಲ್ಲದ ಆಕ್ಟ್: ಸೈಕಲ್ ಕಸರತ್ತು, ಪ್ರಾಣಿಗಳು, ಕುಣಿತ. ಕಾರಣ ಸರಳ. ಜನ ಇನ್ನೂ ಒಳಗೆ ಬರುತ್ತಿರುತ್ತಾರೆ, ಸೀಟು ಮಡಚುವ ತೆರೆಯುವ ಸದ್ದು. ಆಗ ಮಾತಾಡಿದರೆ ಮಾತು ಹಾಳು. ಎರಡನೆಯದು ಪರದೆಯ ಮುಂದೆ ಹಾಡುವ ಜೋಡಿ. ಇದು ಯಾರೂ ಬಯಸದ ಜಾಗ, ಏಕೆಂದರೆ ಸಭೆ ಇನ್ನೂ ಕಾವೇರಿಲ್ಲ. ಮೂರನೆಯದು ಜನರನ್ನು ಎಚ್ಚರಿಸುವ ಹಾಸ್ಯ ಪ್ರಹಸನ. ನಾಲ್ಕು, ಐದರಲ್ಲಿ ಬಿಸಿ ಏರಿ, ಐದನೆಯದು ದೊಡ್ಡ ಹೆಸರಾಗಿ ಇಂಟರ್ವಲ್. ಆರನೆಯದಕ್ಕೆ ಮತ್ತೆ ಕಷ್ಟ: ಹೊರಗೆ ಹೋದವರು ಮರಳುತ್ತಿರುತ್ತಾರೆ. ಆದರೂ ಮೊದಲರ್ಧದ ಮಟ್ಟ ಕುಸಿಯಬಾರದು. ಏಳನೆಯದು ಪೂರ್ಣ ವೇದಿಕೆಯ ನಾಟಕ. ಎಂಟನೆಯದೇ, ಕೊನೆಯದಕ್ಕಿಂತ ಒಂದು ಹಿಂದಿನದೇ, ಎಲ್ಲರೂ ಕಾದಾಡುತ್ತಿದ್ದ ಜಾಗ. ಹೆಚ್ಚಾಗಿ ಹೆಸರಾಂತ ಹಾಸ್ಯಗಾರನಿಗೆ ಮೀಸಲು. ಒಂಬತ್ತನೆಯದು ಕಣ್ಣಿಗೆ ಹಬ್ಬವಾಗುವ ಟ್ರಪೀಜ್ ತರಹದ ಆಕ್ಟ್. ಜನ ಎದ್ದು ಕೋಟು ಹಾಕಿಕೊಂಡು ಬಾಗಿಲ ಕಡೆ ತಿರುಗುವ ಹೊತ್ತು ಅದು. ಆ ಜಾಗದಲ್ಲಿ ಆಡುವುದಕ್ಕೆ ಕಲಾವಿದರು ‘ಹೇರ್‌ಕಟ್‌ಗಳಿಗೆ ಆಡುವುದು’ ಎನ್ನುತ್ತಿದ್ದರು, ಕಾಣುವುದು ಬರೀ ಹಿಂದಲೆ.

ಹಾಗಾಗಿ ಒಂದು ಜಿಮ್ನಾಸ್ಟ್ ತಂಡಕ್ಕೆ ‘ಚಪ್ಪಾಳೆ ಕಡಿಮೆ’ ಎಂದು ಓದಿದರೆ ಮೊದಲು ಅದರ ಜಾಗ ನೋಡಿ. ಒಂಬತ್ತನೆಯ ಜಾಗದಲ್ಲಿ ಅರ್ಧ ಸಭೆಯನ್ನು ಕೂರಿಸಿಕೊಂಡರೂ ಅದು ದೊಡ್ಡ ಗೆಲುವು. ಎಂಟನೆಯ ಜಾಗದ ಹಾಸ್ಯಗಾರನಿಗೆ ಅಷ್ಟೇ ಚಪ್ಪಾಳೆ ಬಂದರೆ ಅದು ಸೋಲು.

ವರದಿಯ ಒಂದು ಸಾಲನ್ನು ಬಿಡಿಸುವುದು

1905ರಲ್ಲಿ ಸೈಮ್ ಸಿಲ್ವರ್‌ಮನ್ ಶುರುಮಾಡಿದ ‘ವೆರೈಟಿ’ ಪತ್ರಿಕೆ ಹೊಸ ಆಕ್ಟ್‌ಗಳ ವಿಮರ್ಶೆ ಹಾಕುತ್ತಿತ್ತು. ಕೀತ್ ಸರ್ಕ್ಯೂಟ್‌ನ, ಅಂದರೆ ಕೀತ್ ಥಿಯೇಟರುಗಳ ಸರಣಿಯ, ಮ್ಯಾನೇಜರ್‌ಗಳು ವಾರದ ಮೊದಲ ಆಟ ನೋಡಿ ಕೇಂದ್ರ ಕಚೇರಿಗೆ ವರದಿ ಕಳಿಸುತ್ತಿದ್ದರು. 1902ರಿಂದಾಚೆಯ ಆ ವರದಿ ಪುಸ್ತಕಗಳು ಐಯೋವಾ ವಿಶ್ವವಿದ್ಯಾಲಯದಲ್ಲಿವೆ. ಎರಡರಲ್ಲೂ ಆಕ್ಟ್ ಹೆಸರಿನ ಜೊತೆ ನಿಮಿಷ ಮತ್ತು ವೇದಿಕೆಯ ಆಳ ಇರುತ್ತದೆ. ಅಭ್ಯಾಸಕ್ಕೆ ನಾವೇ ಒಂದು ಸಾಲು ಕಟ್ಟಿಕೊಳ್ಳೋಣ: “ಹಾಸ್ಯ ಜೋಡಿ. 12 ನಿ., ಇನ್ ವನ್. ಮಧ್ಯಾಹ್ನ ಮಂದ, ರಾತ್ರಿ ಚೆನ್ನಾಗಿ ಹೋಯಿತು.”

‘ಇನ್ ವನ್’ ಎಂದರೆ ಮೊದಲ ಪರದೆಯ ಮುಂದಿರುವ ಕೆಲವೇ ಅಡಿ ಆಳದ ಜಾಗ. ಇವರು ಮಾತಾಡುತ್ತಿರುವಾಗ ಪರದೆಯ ಹಿಂದೆ ಮುಂದಿನ ಆಕ್ಟ್‌ಗೆ ಸೆಟ್ ಎಳೆಯುತ್ತಿರುತ್ತಾರೆ. ಗಟ್ಟಿಯಾಗಿ ಏನಾದರೂ ಬಿದ್ದರೆ ಒಂದು ನಗು ಹೋಯಿತು. ಇನ್ನು 12 ನಿಮಿಷ. ನಗು ಬಂದರೆ ಕಾಲ ಹಿಗ್ಗುತ್ತದೆ, ಏಕೆಂದರೆ ಅನುಭವಿ ಹಾಸ್ಯಗಾರ ನಗೆಯ ಅಲೆ ಇಳಿಯಲು ಶುರುವಾದ ಮೇಲೆಯೇ ಮುಂದಿನ ಮಾತು ಆಡುತ್ತಾನೆ. ಅಲೆ ಏರುವಾಗಲೇ ಬಾಯಿ ಹಾಕಿದರೆ ನಗುವೂ ಸಾಯುತ್ತದೆ, ಮುಂದಿನ ಮಾತೂ ಕೇಳಿಸುವುದಿಲ್ಲ. ಇದೇ ಜೋಡಿ ಇನ್ನೊಂದು ಊರಿನಲ್ಲಿ 15 ನಿಮಿಷ ತೆಗೆದುಕೊಂಡಿದ್ದರೆ, ಅಲ್ಲಿ ನಗು ಹೆಚ್ಚಿತ್ತು ಎಂಬ ಊಹೆಗೆ ಆಧಾರ ಸಿಗುತ್ತದೆ. ಊಹೆ ಮಾತ್ರ, ಮ್ಯಾನೇಜರ್ ಮೂರು ನಿಮಿಷದ ಹಾಸ್ಯವನ್ನು ಕತ್ತರಿಸಿದ್ದರೂ 12 ಆಗುತ್ತದೆ. ವರದಿಯಲ್ಲಿ ‘ಕತ್ತರಿಸಿದೆ’ ಎಂಬ ಮಾತು ಇದೆಯೇ ಎಂದು ಹುಡುಕದೆ ತೀರ್ಮಾನ ಬರೆಯಬೇಡಿ.

‘ಮಧ್ಯಾಹ್ನ ಮಂದ’ ಎಂಬುದಕ್ಕೂ ಬೇರೆಬೇರೆ ಕಾರಣ ಇರಬಹುದು. ಕ್ರಿಸ್‌ಮಸ್‌ಗೆ ಮುಂಚಿನ ವಾರ ಮತ್ತು ಈಸ್ಟರ್‌ಗೆ ಮುಂಚಿನ ಪವಿತ್ರ ವಾರ ಈ ಕಸುಬಿನಲ್ಲಿ ಅತಿ ಕೆಟ್ಟ ವಾರಗಳು. ಖಾಲಿ ಸೀಟುಗಳ ನಡುವೆ ನಗು ಹರಡುವುದಿಲ್ಲ. 1913ರ ಮಾರ್ಚ್ 24ರಂದು ತೆರೆದ ನ್ಯೂಯಾರ್ಕಿನ ಪ್ಯಾಲೇಸ್ ಥಿಯೇಟರಿನದು ಇದಕ್ಕೆ ತದ್ವಿರುದ್ಧ ಸಮಸ್ಯೆ. ಅಲ್ಲಿನ ಸೋಮವಾರದ ಮ್ಯಾಟಿನಿಗೆ ಏಜೆಂಟರು, ಬುಕಿಂಗ್‌ನವರು, ಸಹ ಕಲಾವಿದರು ತುಂಬಿರುತ್ತಿದ್ದರು. ಗೆಳೆಯನಾದರೆ ಅತಿಯಾದ ಚಪ್ಪಾಳೆ, ಕೇಳಿದ ಜೋಕ್ ಆದರೆ ತಣ್ಣನೆ ಮೌನ. ಸಾಮಾನ್ಯ ಪ್ರೇಕ್ಷಕರ ಮನಸ್ಸು ತಿಳಿಯಲು ಅದು ತಕ್ಕ ಸಾಕ್ಷಿಯಲ್ಲ.

ಎಷ್ಟು ಸಲ ಬಂದು ನಮಸ್ಕರಿಸಿದರು ಎಂಬ ಲೆಕ್ಕವನ್ನೂ ಸುಮ್ಮನೆ ನಂಬಬಾರದು. ಚಪ್ಪಾಳೆ ಪೂರ್ತಿ ಇಳಿಯುವ ಮೊದಲೇ ಮತ್ತೆ ಓಡಿಬಂದು ತಲೆಬಾಗಿ ಇನ್ನೊಂದು ಸುತ್ತು ಎಳೆಯುವುದಕ್ಕೆ ‘ಬೋ (ನಮಸ್ಕಾರ) ಕದಿಯುವುದು’ ಎಂಬ ಹೆಸರೇ ಇತ್ತು.

ಬೈಗುಳವೇ ಬಂಡವಾಳವಾದಾಗ: ಚೆರಿ ಸಿಸ್ಟರ್ಸ್

ಐಯೋವಾದ ಮೇರಿಯನ್ ಬಳಿಯ ಈ ಅಕ್ಕತಂಗಿಯರು 1893ರ ಸುಮಾರಿಗೆ ವೇದಿಕೆ ಹತ್ತಿದರು. ಹಾಡು, ನೀತಿಪಾಠದ ದೃಶ್ಯಗಳು. ಎಲ್ಲಿ ಹೋದರೂ ಜನ ಕೂಗಿದರು, ತರಕಾರಿ ಎಸೆದರು. 1896ರ ನವೆಂಬರ್‌ನಲ್ಲಿ ಆಸ್ಕರ್ ಹ್ಯಾಮರ್‌ಸ್ಟೈನ್ ಅವರನ್ನು ನ್ಯೂಯಾರ್ಕಿನ ತನ್ನ ಒಲಿಂಪಿಯಾ ಥಿಯೇಟರಿಗೆ ಕರೆಸಿದ. ಆಕ್ಟ್ ಕೆಟ್ಟದೆಂದು ಗೊತ್ತಿದ್ದೇ ಕರೆಸಿದ. ಹಣದ ಮುಗ್ಗಟ್ಟಿನಲ್ಲಿದ್ದ ಥಿಯೇಟರಿಗೆ ಜನ ಬಂದರು, ಹೀಯಾಳಿಸುವುದಕ್ಕೆಂದೇ ಬಂದರು. ಇಲ್ಲಿ ಪ್ರತಿಕ್ರಿಯೆಯನ್ನು ‘ತಿರಸ್ಕಾರ’ ಎಂಬ ಒಂದೇ ಪದದಲ್ಲಿ ಮುಗಿಸಿದರೆ ಅರ್ಧ ವಿಷಯ ಬಿಟ್ಟಂತೆ: ಟಿಕೆಟ್ ಕಿಟಕಿಯ ಲೆಕ್ಕದಲ್ಲಿ ಅದು ಗೆಲುವು, ವೇದಿಕೆಯ ಮೇಲೆ ನಿಂತ ಹೆಣ್ಣುಮಕ್ಕಳಿಗೆ ಅದು ಅವಮಾನ. ತಮ್ಮ ಮೈಕಟ್ಟು, ದನಿಗಳನ್ನು ಮೂದಲಿಸಿದ ವಿಮರ್ಶೆಯ ಮೇಲೆ ಅವರು ಮಾನನಷ್ಟ ಮೊಕದ್ದಮೆ ಹೂಡಿ ಸೋತರು. ಸಾರ್ವಜನಿಕರ ಮುಂದೆ ಆಡಿದ ಆಟದ ಬಗ್ಗೆ ದುರುದ್ದೇಶವಿಲ್ಲದೆ ಕಟುವಾಗಿ ಬರೆಯಬಹುದು ಎಂದು ಐಯೋವಾ ಸುಪ್ರೀಂ ಕೋರ್ಟ್ 1901ರಲ್ಲಿ ಹೇಳಿತು. ಪತ್ರಿಕಾ ಕಾನೂನು ಓದುವವರಿಗೂ ಈ ಪ್ರಕರಣ ಎದುರಾಗುತ್ತದೆ.

ಆಕ್ಟ್ ಅದೇ, ಸಭೆ ಬದಲು

ರಸೆಲ್ ಬ್ರದರ್ಸ್ ಹೆಣ್ಣುವೇಷ ಹಾಕಿ ಐರಿಷ್ ಮನೆಗೆಲಸದವರನ್ನು ಅಣಕಿಸುವ ಆಕ್ಟ್ ಅನ್ನು ವರ್ಷಗಟ್ಟಲೆ ಆಡಿ ನಗಿಸಿದ್ದರು. 1907ರ ಜನವರಿಯಲ್ಲಿ ಮ್ಯಾನ್‌ಹಟನ್‌ನ ವಿಕ್ಟೋರಿಯಾ, ಆಮೇಲೆ ಬ್ರೂಕ್ಲಿನ್‌ನ ಆರ್ಫಿಯಂ ಥಿಯೇಟರುಗಳಲ್ಲಿ ಐರಿಷ್ ಸಂಘಟನೆಗಳವರು ಟಿಕೆಟ್ ಕೊಂಡು ಒಳಗೆ ಕೂತು, ಸಾಲುಸಾಲಾಗಿ ಕೂಗಿ ಆಟ ನಿಲ್ಲಿಸಿದರು. ಆಕ್ಟ್ ಹಳಸಿತ್ತು ಎಂದು ಇದಕ್ಕೆ ಕಾರಣ ಬರೆದರೆ ತಪ್ಪಾಗುತ್ತದೆ. ವಲಸೆ ಬಂದವರ ಮಕ್ಕಳು ಈಗ ಸಂಘಟಿತರಾಗಿದ್ದರು, ತಮ್ಮ ತಾಯಂದಿರ ದುಡಿಮೆಯನ್ನು ಅಣಕಿಸುವುದನ್ನು ಸಹಿಸಲು ಅವರು ತಯಾರಿರಲಿಲ್ಲ.

ಸಂಘಟಿತವಾಗಿ ಕೂಗಲು ಎಲ್ಲರಿಗೂ ಜಾಗವಿರಲಿಲ್ಲ ಎಂಬುದನ್ನೂ ಇದರ ಪಕ್ಕದಲ್ಲೇ ಬರೆದುಕೊಳ್ಳಿ. ಬಹಳಷ್ಟು ಥಿಯೇಟರುಗಳಲ್ಲಿ ಕಪ್ಪು ಜನರಿಗೆ ಮೇಲಿನ ಗ್ಯಾಲರಿ ಮಾತ್ರ. ಕೆಲವೆಡೆ ಒಳಗೆ ಬಿಡುತ್ತಲೇ ಇರಲಿಲ್ಲ. ಮುಖಕ್ಕೆ ಮಸಿ ಬಳಿದುಕೊಂಡು ಅವರನ್ನೇ ಅಣಕಿಸುವ ಆಕ್ಟ್‌ಗೆ ‘ಇಡೀ ಸಭೆ ನಕ್ಕಿತು’ ಎಂದು ಮ್ಯಾನೇಜರ್ ಬರೆದರೆ, ಅವನು ಲೆಕ್ಕಕ್ಕೆ ಹಿಡಿದ ಸಭೆ ಕೆಳಗಿನ ಸೀಟುಗಳದು. ಗ್ಯಾಲರಿಯವರಿಗೆ ಏನನ್ನಿಸಿತು ಎಂಬುದು ಆ ವರದಿಯಲ್ಲಿ ಸಿಗುವುದಿಲ್ಲ. ಅದಕ್ಕೆ ಇಂಡಿಯಾನಾಪೊಲಿಸ್‌ನ ‘ಫ್ರೀಮನ್’, ಶಿಕಾಗೊದ ‘ಡಿಫೆಂಡರ್’ನಂಥ ಕಪ್ಪು ಜನರ ಪತ್ರಿಕೆಗಳ ರಂಗಭೂಮಿ ಪುಟಗಳನ್ನೇ ತೆರೆಯಬೇಕು.